ಹೂಂ ಅಂದದ್ದಕ್ಕೆ ಫೇಲಾದೆ

ಕ್ರೈಸ್ಟ್‌ಚರ್ಚ್ ವಿಮಾನ ನಿಲ್ದಾಣ

ನ್ಯೂಜಿಲೆಂಡಿನಲ್ಲಿ ನನಗೆ ಎದುರಾದ ಮೊದಲ ಮನುಷ್ಯ ನನ್ನ ಬೂಟು ತೊಳೆದುಕೊಟ್ಟ. ಊರಿಗೆ ಬಂದು ಇದನ್ನು ಹೇಳಿದಾಗ ನಮ್ಮತ್ತೆ, "ನೀ ಬ್ಯಾಡ ಅನ್ನಬಾರದೇನ?" ಅಂದರು. ಬೇಡ ಅನ್ನುವಷ್ಟು ಇಂಗ್ಲಿಷ್ ಕೂಡ ಆ ಹೊತ್ತಿನಲ್ಲಿ ನನ್ನ ಬಾಯಿಗೆ ಬರಲಿಲ್ಲ.

ಆ ದೇಶದೊಳಗೆ ಹೊರಗಿನ ಮಣ್ಣು ಒಂದು ಚಿಟಿಕೆಯೂ ಹೋಗುವಂತಿಲ್ಲ. ನನ್ನ ಚೀಲದಲ್ಲಿ ಹೊಲಕ್ಕೆ ಹಾಕುವ ಬೂಟು ಇದ್ದವು. ಅವುಗಳ ಅಡಿಯಲ್ಲಿ ರಟ್ಟೀಹಳ್ಳಿ ಹೊಲದ ಎರೆಮಣ್ಣು ಒಣಗಿ ಕೂತಿತ್ತು. ವಿಮಾನದಲ್ಲಿ ಕೊಟ್ಟ ಕಾಗದದಲ್ಲಿ ಅದನ್ನು ಇದ್ದ ಹಾಗೆ ಬರೆದುಕೊಟ್ಟಿದ್ದೆ. ಕೈಗವಸು ಹಾಕಿದ ಎತ್ತರದ ಅಧಿಕಾರಿಯೊಬ್ಬ ಬೂಟು ತೆಗೆದುಕೊಂಡು ಒಳಗೆ ಹೋದ. ಇನ್ನು ಅವು ಸಿಗುವುದಿಲ್ಲ ಅಂದುಕೊಂಡೆ. ಹತ್ತು ನಿಮಿಷ ಬಿಟ್ಟು, ಕೊಂಡ ದಿನವೂ ಇರದಷ್ಟು ಚೊಕ್ಕಟವಾಗಿದ್ದ ಒದ್ದೆ ಬೂಟುಗಳನ್ನು ಒಂದು ಪ್ಲಾಸ್ಟಿಕ್ ಚೀಲದಲ್ಲಿ ತಂದುಕೊಟ್ಟ. ಚೀಲದಲ್ಲಿದ್ದ ಶೇಂಗಾ ಚಟ್ನಿಯನ್ನು ಮೂಸಿ ನೋಡಿ, ಹುಬ್ಬೇರಿಸಿ, ಅದನ್ನೂ ವಾಪಸು ಕೊಟ್ಟ.

ನಾನು ನೆಟ್ಟಗೆ ನಿಂತು, ಬಾಯಿಪಾಠ ಮಾಡಿದ್ದ ವಾಕ್ಯ ಹೇಳಿದೆ: "ಐ ಶಲ್ ಬಿ ಹೈಲಿ ಆಬ್ಲೈಜ್ಡ್ ಟು ಯು, ಸರ್."

"ನೋ ವರೀಸ್," ಅಂದ ಆತ.

ನನಗೆ ಯಾವ ಚಿಂತೆಯೂ ಇರಲಿಲ್ಲ. ಯಾಕೆ ಹಾಗೆ ಅಂದನೋ ಎಂದು ಆಗ ಚಿಂತೆ ಶುರುವಾಯಿತು. ಆಮೇಲೆ ಆತ ಇನ್ನೇನೋ ಕೇಳಿದ. "ಯೆಸ್ ಸರ್" ಅಂದೆ. ಕೈ ತೋರಿಸಿದ ಕಡೆ ಹೋಗಿ ಸಾಲಿನಲ್ಲಿ ನಿಂತೆ. ಅದು ಮುಂದೆ ಇನ್ನೊಂದು ವಿಮಾನ ಹತ್ತುವವರ ಸಾಲು. ಅರ್ಧ ತಾಸು ಬಿಟ್ಟು ಸಮವಸ್ತ್ರದ ಹೆಂಗಸೊಬ್ಬಳು ನನ್ನ ಟಿಕೆಟ್ ನೋಡಿ, ತೋಳು ಹಿಡಿದು ಹೊರಗಿನ ಬಾಗಿಲ ತನಕ ಕರೆತಂದಳು.

ನಾನು ಯಾರು, ಅಲ್ಲಿಗೆ ಯಾಕೆ ಹೋದೆ ಎಂದು ಇಲ್ಲೇ ಹೇಳಿಬಿಡುತ್ತೇನೆ. ನನ್ನ ಹೆಸರು ಗಿರಿಜಾ. ತವರು ತಿಳವಳ್ಳಿ, ಕೊಟ್ಟ ಮನೆ ಹಿರೇಕೆರೂರು. ಯಜಮಾನರದ್ದು ಪಂಪ್‌ಸೆಟ್ ರಿಪೇರಿ ಅಂಗಡಿ. ನಾನು ಬೀಜದ ಕಂಪನಿಯೊಂದರಲ್ಲಿ ಕ್ರಾಸಿಂಗ್ ಮೇಲ್ವಿಚಾರಕಿ. ಟೊಮ್ಯಾಟೊ, ಮೆಣಸಿನ ಮೊಗ್ಗು ಅರಳುವ ಮೊದಲೇ ಅದರ ಗಂಡು ಭಾಗ ಕಿತ್ತು, ಮರುದಿನ ಬೇರೆ ತಳಿಯ ಪರಾಗ ಮುಟ್ಟಿಸಿ ಹೈಬ್ರಿಡ್ ಬೀಜ ಮಾಡುವುದಕ್ಕೆ ನಮ್ಮ ಕಡೆ ಕ್ರಾಸಿಂಗ್ ಅನ್ನುತ್ತಾರೆ. ನನ್ನ ಕೈಕೆಳಗೆ ಮೂವತ್ತು ಹೆಣ್ಣುಮಕ್ಕಳಿದ್ದಾರೆ.

ಹಿಂದಿನ ವರ್ಷ ಅವರು ಮಾಡಿದ ಎರಡು ಲಾಟ್ ಬೀಜ ಶುದ್ಧತೆಯ ಪರೀಕ್ಷೆಯಲ್ಲಿ ಬಿದ್ದುಹೋದವು. ವರದಿ ಇಂಗ್ಲಿಷಿನಲ್ಲಿ ಬಂತು. ಬಿಡಿ ಬಿಡಿಯಾಗಿ ಎಲ್ಲ ಶಬ್ದಗಳೂ ನನಗೆ ಗೊತ್ತಿದ್ದವು. ಒಟ್ಟಿನಲ್ಲಿ ಏನಾಗಿದೆ ಎಂಬುದು ತಿಳಿಯಲಿಲ್ಲ. ನಮ್ಮವರಲ್ಲೇ ಹಿರಿಯಳಾದ ನೀಲವ್ವ ಕೇಳಿದಳು: "ಅಕ್ಕಾರ, ನಮ್ಮ ಕೈಯಾಗಿಂದ ಏನ ತಪ್ಪಾತು ಅಂತ ಹೇಳ್ರಿ. ತಿದ್ಕೋತೇವಿ." ನಾನು ವರದಿಯನ್ನು ಮಡಚಿ ಚೀಲದಲ್ಲಿ ಇಟ್ಟುಕೊಂಡೆ. ಕೆಲವರು ಮರುವರ್ಷ ಕೆಲಸಕ್ಕೆ ಬರುವುದನ್ನೇ ಬಿಟ್ಟರು.

ಅದಾದ ಮೇಲೆ ಕಂಪನಿಯವರು ಎರಡು ತಿಂಗಳ ತರಬೇತಿಗೆ ಒಬ್ಬರನ್ನು ನ್ಯೂಜಿಲೆಂಡಿಗೆ ಕಳಿಸುವುದಾಗಿ ಹೇಳಿದರು. ಅಲ್ಲಿಯ ಪ್ರಯೋಗಶಾಲೆಯ ಪಾಠ ಪೂರ್ತಿ ಮಾಡಿಕೊಂಡು ಬಂದರೆ ಹಿರೇಕೆರೂರಿನಲ್ಲೇ ಬೀಜ ನೋಡುವ ಒಂದು ಸಣ್ಣ ಕೋಣೆ ತೆರೆಯುವುದು, ಅದನ್ನು ನಾನೇ ನೋಡಿಕೊಳ್ಳುವುದು ಎಂದು ಮಾತಾಯಿತು. ಪಾಠ ಮುಗಿಯದಿದ್ದರೆ ಕೋಣೆಯೂ ಇಲ್ಲ. ಹಾಗಾಗಿ ಮೂರು ತಿಂಗಳು ಪ್ರತಿ ಭಾನುವಾರ ಬಸ್ಸು ಹತ್ತಿ ಸವಣೂರಿಗೆ ಹೋಗಿ, ಗುರುರಾಜ ಮಾಸ್ತರ ಹತ್ತಿರ ಇಂಗ್ಲಿಷ್ ಕಲಿತೆ. ಮಾಸ್ತರು ಹೈಸ್ಕೂಲಿನಲ್ಲಿ ನಲವತ್ತು ವರ್ಷ ಇಂಗ್ಲಿಷ್ ಕಲಿಸಿ ನಿವೃತ್ತರಾದವರು. ಇನ್ನೂರು ಪುಟದ ನೋಟುಬುಕ್ಕಿನಲ್ಲಿ ಮುತ್ತಿನಂಥ ಅಕ್ಷರದಲ್ಲಿ ವಾಕ್ಯ ಬರೆದುಕೊಟ್ಟರು. ಅಷ್ಟನ್ನೂ ಬಾಯಿಪಾಠ ಮಾಡಿದೆ.

ಮೊದಲ ಸೋಮವಾರ

ತರಬೇತಿ ಕೇಂದ್ರ ಕ್ರೈಸ್ಟ್‌ಚರ್ಚಿನಿಂದ ದಕ್ಷಿಣಕ್ಕೆ ಬಸ್ಸಿನಲ್ಲಿ ಒಂದೂವರೆ ತಾಸಿನ ದಾರಿ. ಎಡಬಲಕ್ಕೆ ಸಪಾಟು ಬಯಲು, ಪಡುವಣದಲ್ಲಿ ಹಿಮದ ಟೋಪಿ ಹಾಕಿದ ಬೆಟ್ಟದ ಸಾಲು. ಡಿಸೆಂಬರ್ ಅಲ್ಲಿ ಬೇಸಿಗೆ. ಬೆಟ್ಟದ ಕಡೆಯಿಂದ ಬಿಸಿ ಒಣಗಾಳಿ ಬೀಸಿ ಹಣೆ ಒಡೆಯುವಂತಾಗುತ್ತದೆ. ನಮ್ಮ ಆಷಾಢದ ಗಾಳಿಗೆ ಮಳೆಯ ತಂಪಾದರೂ ಇರುತ್ತದೆ.

ನಾವು ಹದಿನಾಲ್ಕು ಮಂದಿ ಇದ್ದೆವು, ಏಳೆಂಟು ದೇಶದವರು. ನನ್ನ ಕೋಣೆಯಲ್ಲಿ ಇದ್ದವಳು ವಿಯೆಟ್ನಾಮಿನ ಲಾನ್. ನನಗಿಂತ ಹತ್ತು ವರ್ಷ ಸಣ್ಣವಳು, ತರಕಾರಿ ಬೀಜದ ಕೆಲಸದವಳೇ. ಮೊದಲ ದಿನ ನಾವಿಬ್ಬರೂ ಮಾತಾಡಿದ್ದು ಬರೀ ನಗುವಿನಲ್ಲಿ.

ಸೋಮವಾರ ಬೆಳಿಗ್ಗೆ ಇಂಗ್ಲಿಷ್ ಪರೀಕ್ಷೆ. ಇದು ಫೇಲು ಮಾಡಿ ಮನೆಗೆ ಕಳಿಸುವ ಪರೀಕ್ಷೆಯಲ್ಲ, ಯಾರು ಎಲ್ಲಿ ಕೂಡಬೇಕು ಎಂದು ಗೊತ್ತುಮಾಡುವ ಪರೀಕ್ಷೆ ಅಂತ ತಿಳಿಸಿ ಹೇಳಿದರು. ಭಾಷೆ ಸಾಕಷ್ಟು ಬರುವವರು ಮಹಡಿಯ ಮೇಲಿನ ಪ್ರಯೋಗಶಾಲೆಗೆ. ಸಾಲದವರಿಗೆ ಕೆಳಗಿನ ಕೋಣೆಯಲ್ಲಿ ಬೆಳಿಗ್ಗೆ ಇಂಗ್ಲಿಷ್ ಪಾಠ, ಮಧ್ಯಾಹ್ನ ಹೊಲದ ಕೆಲಸ. ಮೂರು ವಾರದ ಮೇಲೆ ಮತ್ತೊಮ್ಮೆ ಪರೀಕ್ಷೆ. ಆಗಲೂ ಆಗದಿದ್ದರೆ ಪ್ರಯೋಗಶಾಲೆಯ ಪಾಠ ತಪ್ಪಿದಂತೆಯೇ.

ಬರೆಯುವ ಪರೀಕ್ಷೆ ಸುಲಿದ ಬಾಳೆಹಣ್ಣಿನಂತಿತ್ತು. ಮಾತಿನ ಪರೀಕ್ಷೆಗೆ ಕೂತವರು ಮಾರ್ಗರೆಟ್ ಎಂಬ ಟೀಚರು. ಅರವತ್ತರ ಆಚೆಯವರು. ಕುತ್ತಿಗೆಗೆ ದಾರ ಕಟ್ಟಿದ ಕನ್ನಡಕ, ಕೈಯಲ್ಲಿ ದೊಡ್ಡ ಚಹಾ ಕಪ್ಪು. ನಿಮ್ಮ ಬಗ್ಗೆ ಸ್ವಲ್ಪ ಹೇಳಿ ಅಂದರು.

ನೋಟುಬುಕ್ಕಿನ ಏಳನೆಯ ಪುಟ ಕಣ್ಣ ಮುಂದೆ ಬಂತು. "ಮೈಸೆಲ್ಫ್ ಗಿರಿಜಾ. ಐ ಆಮ್ ಹೇಲಿಂಗ್ ಫ್ರಮ್ ಹಿರೇಕೆರೂರ್. ಬೈ ಗಾಡ್ಸ್ ಗ್ರೇಸ್ ಐ ಆಮ್ ಹ್ಯಾವಿಂಗ್ ಒನ್ ಸನ್ ಅಂಡ್ ಒನ್ ಡಾಟರ್." ಒಂದೇ ಉಸಿರಿನಲ್ಲಿ ಪುಟ ಮುಗಿಸಿದೆ.

ಮಾರ್ಗರೆಟ್ ನಕ್ಕು, ನಿಮ್ಮ ಕೆಲಸದ ಬಗ್ಗೆ ಹೇಳಿ ಎಂದು ಏನೋ ಕೇಳಿದರು. ಅರ್ಧ ಮಾತ್ರ ತಿಳಿಯಿತು. ಕ್ರಾಸಿಂಗ್ ನಡುವೆ ಗಾಳಿ ಜೋರಾದರೆ ಏನು ಮಾಡುತ್ತೀರಿ ಅಂತ ಅವರು ಕೇಳಿದ್ದು ಅಂತ ಆಮೇಲೆ ಗೊತ್ತಾಯಿತು.

"ಯೆಸ್, ಮೇಡಂ," ಅಂದೆ.

"ನಿಲ್ಲಿಸ್ತೀರೋ, ಮುಂದುವರಿಸ್ತೀರೋ?"

"ಯೆಸ್, ಮೇಡಂ."

ಅವರು ಕಪ್ಪು ಕೆಳಗಿಟ್ಟು ಏನೋ ಬರೆದುಕೊಂಡರು. ಮಧ್ಯಾಹ್ನ ಗೋಡೆಗೆ ಪಟ್ಟಿ ಹಚ್ಚಿದರು. ಹದಿನಾಲ್ಕರಲ್ಲಿ ಒಂಬತ್ತು ಹೆಸರು ಮೇಲಿನ ಕೋಣೆಗೆ, ಐದು ಕೆಳಗೆ. ಐದರಲ್ಲಿ ನಾನೂ ಇದ್ದೆ, ಲಾನೂ ಇದ್ದಳು. ಸಂಜೆ ಯಜಮಾನರಿಗೆ ಫೋನು ಮಾಡಿ, "ಪರೀಕ್ಷೆ ಛಲೋ ಆಗೇತ್ರಿ" ಅಂತ ಸುಳ್ಳು ಹೇಳಿದೆ. ಅವರು, "ನಂಗ ಗೊತ್ತಿತ್ತು ಬಿಡು" ಅಂದರು. ಆ ಮಾತು ಕೇಳಿ ಊಟ ಸೇರಲಿಲ್ಲ.

ಎರಡನೆಯ ವಾರ, ಪೇಟೆಯ ಬಸ್ಸು

ಕೆಳಗಿನ ಕೋಣೆಯಲ್ಲಿ ಮಾರ್ಗರೆಟ್ ವ್ಯಾಕರಣ ಕಲಿಸಲೇ ಇಲ್ಲ. "ವ್ಯಾಕರಣ ನನಗಿಂತ ನಿನಗೇ ಚೆನ್ನಾಗಿ ಬರುತ್ತೆ," ಅಂದರು. "ಪೇಟೆಗೆ ಹೋಗಿ ಬನ್ನಿ. ಜನ ಏನು ಅಂತಾರೋ ಅದನ್ನ ಕೇಳಿಸ್ಕೊಂಡು ಬನ್ನಿ." ಹೊಲದ ಕೆಲಸಕ್ಕೆ ರಜೆಯಿದ್ದ ಒಂದು ಮಧ್ಯಾಹ್ನ ಲಾನ್ ಮತ್ತು ನಾನು ಊಟ ಮುಗಿಸಿ ಬಸ್ಸು ಹತ್ತಿದೆವು.

ಅಲ್ಲಿ ಬಸ್ಸಿನಿಂದ ಇಳಿಯುವವರೆಲ್ಲ ಡ್ರೈವರನಿಗೆ ಕೂಗಿ ಥ್ಯಾಂಕ್ಸ್ ಹೇಳಿ ಇಳಿಯುತ್ತಾರೆ. ಮುದುಕರು, ಶಾಲೆಯ ಮಕ್ಕಳು, ಹಿಂದಿನ ಬಾಗಿಲಿನಿಂದ ಇಳಿಯುವವರೂ. ಹಾನಗಲ್ಲಿನಿಂದ ಹಿರೇಕೆರೂರಿಗೆ ನಾನು ಎಷ್ಟು ಸಲ ಬಂದಿದ್ದೇನೆಂದು ಲೆಕ್ಕವಿಲ್ಲ. ಒಬ್ಬ ಡ್ರೈವರನಿಗೂ ಈ ಮಾತು ಅಂದಿಲ್ಲ. ಹೇಳಿದ್ದರೆ, "ಏನರ ಮರ್ತ್ರೇನವಾ?" ಅಂತ ಹಿಂತಿರುಗಿ ನೋಡುತ್ತಿದ್ದ.

ಅಂಗಡಿಗಳಲ್ಲಿ ಜನ ಬರಿಗಾಲಿನಲ್ಲಿ ಓಡಾಡುತ್ತಾರೆ. ಕೋಟು ತೊಟ್ಟ ಒಬ್ಬ ಗಂಡಸು ಬರಿಗಾಲಿನಲ್ಲಿ ಹಾಲು ಕೊಳ್ಳುವುದನ್ನು ಕಂಡು, ಇವರು ಏನೋ ಹರಕೆ ಹೊತ್ತಿರಬೇಕು ಅಂದುಕೊಂಡೆ. ಲಾನ್‌ಗೂ ಹಾಗೇ ಅನಿಸಿತ್ತಂತೆ.

ಅಂಗಡಿಯ ಹುಡುಗಿ ನನ್ನನ್ನು ನೋಡಿ, "ಹೌ ಆರ್ ಯು ಗೋಯಿಂಗ್?" ಅಂದಳು.

"ಬೈ ಬಸ್," ಅಂದೆ.

ಅವಳು ತಡೆದು ತಡೆದು ಕಡೆಗೆ ನಕ್ಕೇಬಿಟ್ಟಳು. ಹೇಗಿದ್ದೀರಿ ಎಂದು ಕೇಳುವ ಅಲ್ಲಿಯ ರೀತಿ ಅದು. ಹೊರಡುವಾಗ, "ಸೀ ಯು ಲೇಟರ್" ಅಂದಳು. ಆಮೇಲೆ ನೋಡುತ್ತೇನೆ ಅಂದಳಲ್ಲ, ಏನೋ ಕೆಲಸವಿರಬೇಕು ಎಂದು ನಾವಿಬ್ಬರೂ ಹೊರಗಿನ ಬೆಂಚಿನಲ್ಲಿ ಕಾದೆವು. ಎರಡು ಬಸ್ಸು ಹೋದವು. ಅಂಗಡಿಗೆ ಬಾಗಿಲು ಹಾಕಿ ಬಂದ ಹುಡುಗಿ ನಮ್ಮನ್ನು ಕಂಡು ಗಾಬರಿಯಾದಳು. ವಿಷಯ ತಿಳಿದ ಮೇಲೆ ತನ್ನ ಕಾರಿನಲ್ಲೇ ನಮ್ಮನ್ನು ಬಿಟ್ಟು ಹೋದಳು.

ದಾರಿಯಲ್ಲಿ ನನಗೆ ನಗು ಬಂತು. ನಾವು ಕೂಡ ಮನೆಯಿಂದ ಹೊರಡುವಾಗ "ಬರ್ತೇನಿ" ಅನ್ನುತ್ತೇವೆ. ಹೋಗುವವರು ಬರ್ತೇನಿ ಅಂದರು ಅಂತ ಯಾರಾದರೂ ಬಾಗಿಲಲ್ಲಿ ಕೂತು ಕಾಯುತ್ತಾರೆಯೇ? ಮರುದಿನ ಇದನ್ನು ಮಾರ್ಗರೆಟ್‌ಗೆ ಹೇಳಿದೆ. ಹೇಳಿ ಮುಗಿಸಿದಾಗ ಅವರು, "ಇದರಲ್ಲಿ ಒಂದು ವಾಕ್ಯವೂ ನೋಟುಬುಕ್ಕಿಂದು ಅಲ್ಲ, ಗಮನಿಸಿದ್ಯಾ?" ಅಂದರು. ನಾನು ಗಮನಿಸಿರಲಿಲ್ಲ.

ಟನೆಲ್ ನಾಲ್ಕು

ಮಧ್ಯಾಹ್ನದ ಹೊಲದ ಕೆಲಸ ಕಾಲಿನ್ ಎಂಬ ಯಜಮಾನನ ಕೈಕೆಳಗೆ. ಉದ್ದನೆಯ ಆಳು, ಚರ್ಮದ ಟೋಪಿ, ತುಟಿ ಬಿಚ್ಚದೆ ಮಾತಾಡುವ ಅಭ್ಯಾಸ. ಬಲೆಯ ಬಟ್ಟೆ ಹೊದಿಸಿದ ಉದ್ದನೆಯ ಮನೆಗಳಿಗೆ ಅಲ್ಲಿ ಟನೆಲ್ ಅನ್ನುತ್ತಾರೆ. ನಾಲ್ಕನೆಯದರಲ್ಲಿ ಉಳ್ಳಾಗಡ್ಡಿ ಹೂ ಬಿಟ್ಟಿತ್ತು. ಎದೆಯೆತ್ತರದ ದಂಟು, ತುದಿಗೆ ಬಿಳಿ ಚೆಂಡು. ಹೆಣ್ಣು ತಳಿಯ ಕೆಲವು ಸಾಲು, ನಡುನಡುವೆ ಗಂಡು ತಳಿಯದು. ಪರಾಗ ಮುಟ್ಟಿಸುವ ಕೆಲಸ ಒಳಗೆ ಬಿಟ್ಟ ಜೇನುಹುಳುಗಳದು. ನಮ್ಮ ನೀಲವ್ವ ಬಿಸಿಲಲ್ಲಿ ಬೆನ್ನು ಬಗ್ಗಿಸಿ ಮಾಡುವುದನ್ನು ಅಲ್ಲಿ ಹುಳುಗಳು ಹಾಡುತ್ತ ಮಾಡುತ್ತಿದ್ದವು.

ಮೂರನೆಯ ವಾರದ ಮಂಗಳವಾರ ಕಾಲಿನ್ ಬಾಗಿಲಲ್ಲಿ ನಿಂತು, ಗಂಡು ಸಾಲುಗಳನ್ನೆಲ್ಲ ಕಿತ್ತುಹಾಕಿ ಎಂದು ಹೇಳಿ, ಕೊನೆಗೆ "ಬಾರ್ ದ ಲಾಸ್ಟ್ ಟೂ" ಎಂದು ಸೇರಿಸಿದ. ಬಾರ್ ಅಂದರೆ ನನಗೆ ಗೊತ್ತಿದ್ದವು ಎರಡೇ. ಒಂದು ಕಬ್ಬಿಣದ ಸರಳು. ಇನ್ನೊಂದು ನಮ್ಮೂರಿನ ಗಂಡಸರು ಸಂಜೆ ಹೋಗುವ ಜಾಗ. ಎರಡೂ ಹೊಂದಲಿಲ್ಲ. ಆದರೂ ತಲೆಯಾಡಿಸಿ "ಯೆಸ್" ಅಂದೆ. ನಾನು ಅಂದದ್ದರಿಂದ ಲಾನೂ ತಲೆಯಾಡಿಸಿದಳು.

ಇಬ್ಬರೂ ಸೇರಿ ಮೂರು ತಾಸಿನಲ್ಲಿ ಗಂಡು ಸಾಲುಗಳನ್ನೆಲ್ಲ ಗಡ್ಡೆ ಸಮೇತ ಕಿತ್ತು ಹೊರಗಿನ ಗಾಡಿಗೆ ಒಟ್ಟಿದೆವು. ಎಷ್ಟು ಚೊಕ್ಕಟ ಕೆಲಸವಾಯಿತು ಅಂತ ನಮಗೇ ಸಂತೋಷವಾಗಿತ್ತು. ಕಾಲಿನ್ ಬಂದ. ಟನೆಲ್ಲಿನ ಆಚೆ ತುದಿಯ ತನಕ ನಡೆದುಹೋಗಿ ನಿಂತ. ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ಕೊನೆಯ ಎರಡು ಸಾಲು ಬಿಟ್ಟು ಅಂದಿದ್ದೆ," ಅಂದ.

ಕೊನೆಯ ಕಡೆಯ ಹೆಣ್ಣು ಸಾಲುಗಳು ತಡವಾಗಿ ಅರಳುವ ಜಾತಿಯವು. ಅವುಗಳಿಗೆ ಇನ್ನೂ ಪರಾಗ ಬೇಕಿತ್ತು. ಅದಕ್ಕೇ ಆ ಎರಡು ಗಂಡು ಸಾಲು ಉಳಿಸಬೇಕಿತ್ತು. ಈ ಕೆಲಸವನ್ನು ಹದಿನೈದು ವರ್ಷ ಮಾಡಿದ ನನಗೆ ಅರ್ಥವಾಗಲು ಅವನು ಬೇರೇನೂ ಹೇಳಬೇಕಾಗಿರಲಿಲ್ಲ.

"ನಾನು ಹೇಳಿದ್ದು ಕೇಳಿಸಲಿಲ್ವಾ?"

"ಕೇಳಿಸಿತು. ತಿಳಿಯಲಿಲ್ಲ." ಮುರುಕು ಇಂಗ್ಲಿಷಿನಲ್ಲಿ ಅಂದೆ.

"ಮತ್ತೆ ತಲೆ ಯಾಕೆ ಆಡಿಸಿದೆ?"

ಅವನ ದನಿಯಲ್ಲಿ ಸಿಟ್ಟಿಗಿಂತ ಆಶ್ಚರ್ಯವೇ ಹೆಚ್ಚಿತ್ತು. ನಮ್ಮಲ್ಲಿ ಹಿರಿಯರು ಮಾತಾಡುವಾಗ ನಾವು ಹೂಂ, ಹೂಂ ಅನ್ನುತ್ತೇವೆ. ಒಪ್ಪಿದೆ ಅಂತ ಅದರ ಅರ್ಥವಲ್ಲ. ನಿಮ್ಮ ಮಾತಿನ ಮೇಲೆ ಲಕ್ಷ್ಯ ಇದೆ, ಹೇಳಿರಿ, ಅಂತ ಅರ್ಥ. ಆ ಹೂಂ ಅನ್ನೇ ನಾನು ಇಲ್ಲಿ ಯೆಸ್ ಮಾಡಿಕೊಂಡಿದ್ದೆ. ತಡವರಿಸಿ ಇಷ್ಟನ್ನೂ ಹೇಳಿದೆ. ಕಾಲಿನ್ ಪೂರ್ತಿ ಕೇಳಿದ.

"ನನಗೆ ಕಿವಿ ಸ್ವಲ್ಪ ಮಂದ," ಅಂದ. "ಹೆಂಡತಿಗೆ ದಿನಾ ಹತ್ತು ಸಲ ಅಂತೀನಿ: ಸಾರಿ, ವಾಟ್ ವಾಸ್ ದಟ್? ಇಷ್ಟೇ ಅನ್ನು. ಯಾರೂ ತಪ್ಪು ತಿಳಿಯಲ್ಲ."

ಆಮೇಲೆ ತಿರುಗಿ ಬೋಳು ಸಾಲುಗಳನ್ನು ನೋಡಿ ಉಸಿರುಬಿಟ್ಟ.

ಹದಿನಾರು ಬಕೆಟ್

ಆಗ ನನಗೆ ಗಾಡಿಯಲ್ಲಿ ಒಟ್ಟಿದ್ದ ಗಿಡಗಳು ನೆನಪಾದವು. ಗಡ್ಡೆ ಇತ್ತು, ಬೇರಿತ್ತು, ಹೂವು ಇನ್ನೂ ಬಾಡಿರಲಿಲ್ಲ. "ಕಾಲಿನ್, ಬಕೆಟ್," ಅಂದೆ. "ವಾಟರ್. ಫ್ಲವರ್ ನಾಟ್ ಡೆಡ್."

"ಸಾರಿ, ವಾಟ್ ವಾಸ್ ದಟ್?" ಅಂದ ಅವನು. ಅಣಕಿಸಲು ಅಂದದ್ದಲ್ಲ, ನಿಜಕ್ಕೂ ಕೇಳಿಸಿರಲಿಲ್ಲ.

ಕೈಯಿಂದ ತೋರಿಸಿ ವಿವರಿಸಿದೆ. ಗಿಡಗಳನ್ನು ನೀರಿನ ಬಕೆಟ್ಟಿನಲ್ಲಿ ನಿಲ್ಲಿಸಿದರೆ ನಾಲ್ಕೈದು ದಿನ ಪರಾಗ ಉದುರಿಸುತ್ತವೆ. ಬಕೆಟ್ಟುಗಳನ್ನು ಹೆಣ್ಣು ಸಾಲಿನ ನಡುವೆ ಇಟ್ಟರೆ ಹುಳು ಬರುತ್ತವೆ. ಹುಳು ಬಿಟ್ಟದ್ದನ್ನು ನಾನು ಕೈಯಿಂದ ಮಾಡುತ್ತೇನೆ. ಅವನು ಅರ್ಧ ನಂಬಿದಂತೆ ಕಂಡಿತು. ಆದರೂ ಹೋಗಿ ಹದಿನಾರು ಬಕೆಟ್ ತಂದ.

ನಾಲ್ಕು ದಿನ ಬೆಳಿಗ್ಗೆ ಪಾಠ ಬಿಟ್ಟು ಟನೆಲ್ಲಿನಲ್ಲೇ ಇದ್ದೆ. ಮಾರ್ಗರೆಟ್ ತಾವೇ ರಜೆ ಕೊಟ್ಟರು. ಗಂಡು ಹೂವಿನ ಚೆಂಡನ್ನು ಹೆಣ್ಣು ಹೂವಿಗೆ ಮೆತ್ತಗೆ ಸವರಿ, ಮುಂದಿನದಕ್ಕೆ ಹೋಗುವುದು. ಲಾನ್ ನನ್ನನ್ನು ನೋಡಿ ಎರಡೇ ತಾಸಿನಲ್ಲಿ ಕಲಿತಳು. ಬೆಟ್ಟದ ಗಾಳಿ ಬಲೆಯನ್ನು ಪಟಪಟ ಬಡಿಯುತ್ತಿತ್ತು. ಆ ಸದ್ದಿನಲ್ಲಿ ನಾವು ಒಬ್ಬರಿಗೊಬ್ಬರು ಕೂಗಿ ಕೇಳಲೇಬೇಕಿತ್ತು: ಏನಂದೆ? ಇನ್ನೊಮ್ಮೆ ಹೇಳು? ರಟ್ಟೀಹಳ್ಳಿ ಹೊಲದಲ್ಲಿ ನಾನೂ ನೀಲವ್ವನೂ ದಿನಕ್ಕೆ ನೂರು ಸಲ ಹೀಗೆಯೇ ಕೂಗಾಡುತ್ತೇವೆ. ಊರಿನಲ್ಲಿ ಯಾವತ್ತೂ ನಾಚದ ಮಾತಿಗೆ ಇಲ್ಲಿ ಯಾಕೆ ನಾಚಿದೆ ಅಂತ ಕೆಲಸ ಮಾಡುತ್ತಲೇ ಯೋಚಿಸಿದೆ.

ಮೂರನೆಯ ದಿನ ಕಾಲಿನ್ ಬಂದು, ಒಂದು ಹೂವು ಕೈಗೆ ತೆಗೆದುಕೊಂಡು, ಹೀಗೋ ಎಂದು ಕೇಳಿದ. ಅವನ ಕೈ ಜೋರು. "ಜೆಂಟ್ಲಿ," ಅಂದೆ. ಸಂಜೆಯ ತನಕ ನಮ್ಮ ಜೊತೆಗೇ ಮಾಡಿದ. ಕಾಳು ಕಟ್ಟಿದಾಗ ನೋಡಿದರೆ ಆ ಸಾಲುಗಳಲ್ಲಿ ಬೆಳೆ ಪ್ರತಿ ವರ್ಷಕ್ಕಿಂತ ತುಸು ಕಡಿಮೆ ಬಂತು. ಆದರೆ ಬಂತು.

ಭಾನುವಾರದ ಫೋನು

ಆ ಭಾನುವಾರ ಮಧ್ಯಾಹ್ನ ಗುರುರಾಜ ಮಾಸ್ತರಿಗೆ ಫೋನು ಮಾಡಿದೆ. ಸವಣೂರಿನಲ್ಲಿ ಆಗಿನ್ನೂ ಬೆಳಿಗ್ಗೆ. ಪೂಜೆ ಮುಗಿಸಿ ಕೂತಿದ್ದರು. ಮನೆಯವರಿಗೂ ಹೇಳದ್ದನ್ನು ಅವರಿಗೆ ಹೇಳಿದೆ. ನೋಟುಬುಕ್ಕಿನ ವಾಕ್ಯ ಹೇಳಿ ಪರೀಕ್ಷೆಯಲ್ಲಿ ಹಿಂದೆ ಬಿದ್ದದ್ದು, ಉಳ್ಳಾಗಡ್ಡಿ ಕಿತ್ತದ್ದು, ಎಲ್ಲ. ಮಾಸ್ತರಿಗೆ ನೋವಾಗುತ್ತದೆಂದು ಅಂಜಿಕೆಯಿತ್ತು.

"ಗಿರಿಜಾ, ಒಂದ ಮಾತ ಹೇಳ್ತೇನಿ ಕೇಳು," ಅಂದರು. "ನಾ ನಲವತ್ತ ವರ್ಷ ಇಂಗ್ಲಿಷ್ ಕಲಿಸೇನಿ. ಆದ್ರ ಅದು ಮನಿಮಾತಾಗಿದ್ದವ್ರ ಜೋಡಿ ಒಂದ ದಿವಸಾನೂ ಮಾತಾಡಿಲ್ಲ. ಪುಸ್ತಕದಾಗ ಇದ್ದದ್ದನ್ನ ನಾ ಕಲತೆ, ಅದನ್ನ ನಿನಗ ಕೊಟ್ಟೆ."

"ಹಂಗ ಅನಬ್ಯಾಡ್ರಿ ಮಾಸ್ತರ. ನೀವು ಕಲಿಸಿದ್ದಕ್ಕ ಬರಿಯೂ ಪರೀಕ್ಷಾದಾಗ ನನಗ ಎಲ್ಲಾರಕಿಂತ ಹೆಚ್ಚ ಬಂದಾವ್ರಿ."

"ಅದು ಇರ್ಲಿ. ಹೌ ಆರ್ ಯು ಗೋಯಿಂಗ್ ಅಂದ್ರ ಹೆಂಗಿದ್ದೀರಿ ಅಂತಲ? ನಿಜ ಏನ?"

"ನಿಜಾರೀ."

"ಛಲೋ ಅದ," ಅಂದರು. ಕಾಗದ ಸರಿಸುವ ಸದ್ದು ಕೇಳಿಸಿತು. "ತಡಿ, ಪೆನ್ ತೊಗೋತೇನಿ. ಇನ್ನೇನೇನ ಕೇಳಿಸ್ಕೊಂಡಿ, ಒಂದೊಂದ ಹೇಳು."

ಮುಕ್ಕಾಲು ತಾಸು ನಾನು ಹೇಳಿದೆ, ಅವರು ಬರೆದುಕೊಂಡರು. ಎದೆಯ ಮೇಲಿನ ಭಾರ ಇಳಿಯಿತು. ಫೋನು ಇಟ್ಟವಳೇ ಯಜಮಾನರಿಗೂ ಹಚ್ಚಿ ನಿಜ ಹೇಳಿದೆ. ಅವರು, "ಇನ್ನೊಮ್ಮೆ ಐತೆಲ್ಲ, ಆತ ತೊಗೋ" ಅಂದರು. ಅವರ ಪಂಪ್‌ಸೆಟ್ಟುಗಳೂ ಒಂದೇ ಸಲಕ್ಕೆ ಶುರುವಾಗುವುದಿಲ್ಲ.

ಎರಡನೆಯ ಪರೀಕ್ಷೆ

ನಾಲ್ಕನೆಯ ಸೋಮವಾರ ಅದೇ ಕೋಣೆ, ಅದೇ ಮಾರ್ಗರೆಟ್, ಅದೇ ಕಪ್ಪು. ನಾನು ಒಳಗೆ ಹೋಗಿ ಕೂತ ಗಳಿಗೆಗೇ ಹೊರಗೆ ಯಾರೋ ಹುಲ್ಲು ಕತ್ತರಿಸುವ ಯಂತ್ರ ಶುರುಮಾಡಿದರು.

ಮಾರ್ಗರೆಟ್ ಏನೋ ಕೇಳಿದರು. ಯಂತ್ರದ ಗದ್ದಲದಲ್ಲಿ ಕೊನೆಯ ಎರಡು ಶಬ್ದ ಬಿಟ್ಟರೆ ಏನೂ ಸಿಗಲಿಲ್ಲ. ತಲೆ ತಾನಾಗಿ ಆಡಲು ಹೊರಟಿತ್ತು. ಅದನ್ನು ಹಿಡಿದು ನಿಲ್ಲಿಸಿದೆ.

"ಸಾರಿ, ವಾಟ್ ವಾಸ್ ದಟ್?"

ಅವರು ಮತ್ತೆ ಕೇಳಿದರು. ಹೊಲದಲ್ಲಿ ಗಾಳಿ ಜೋರಾದರೆ ಏನು ಮಾಡುತ್ತೀ? ಹಳೆಯ ಪ್ರಶ್ನೆಯೇ. ನಿಲ್ಲಿಸುತ್ತೇವೆ ಅಂದೆ. ಗಾಳಿಗೆ ಪರಾಗ ಹಾರಿಹೋಗುತ್ತದೆ, ಪಕ್ಕದ ಹೊಲದ್ದು ಬಂದು ಕೂಡುತ್ತದೆ. ಬೇವಿನ ಗಿಡದ ಕೆಳಗೆ ಕೂತು ರೊಟ್ಟಿ ತಿನ್ನುತ್ತೇವೆ. ಗಾಳಿ ನಿಂತರೆ ಏಳುತ್ತೇವೆ. ನಿಲ್ಲದಿದ್ದರೆ ಮನೆಗೆ. ಇವೆಲ್ಲ ಸಣ್ಣ ಸಣ್ಣ ವಾಕ್ಯಗಳು. ಮಾರ್ಗರೆಟ್ ರೊಟ್ಟಿಯ ಬಗ್ಗೆ ಕೇಳಿದರು. ನೀಲವ್ವನ ಬಗ್ಗೆ ಕೇಳಿದರು. ಆ ಎರಡು ಲಾಟ್ ಬೀಜದ ಬಗ್ಗೆ ನಾನಾಗಿಯೇ ಹೇಳಿದೆ. ಅದು ಯಾಕೆ ಬಿತ್ತು ಅಂತ ತಿಳಿಯಬೇಕು, ಅದಕ್ಕೇ ಬಂದದ್ದು ಅಂದೆ. ನಡುವೆ ಇನ್ನೆರಡು ಸಲ ವಾಟ್ ವಾಸ್ ದಟ್ ಅಂದೆ. ಒಂದು ಸಲ ಅವರೇ ನನಗೆ ಹಾಗೆ ಅಂದರು.

ಕಡೆಗೆ ಅವರು ಪೆನ್ನು ಮುಚ್ಚಿ, "ಅಪ್ ಯು ಗೋ," ಅಂದರು.

ಇದೂ ತಿಳಿಯಲಿಲ್ಲ. ಕೇಳಿದೆ: "ಮೇಲೆ ಅಂದರೆ, ಮೆಟ್ಟಿಲು ಹತ್ತಿ ಮೇಲಿನ ಕೋಣೆಗೋ, ಅಥವಾ ಮೇಲಿನ ತರಗತಿಗೋ?"

"ಎರಡಕ್ಕೂ," ಅಂದರು. "ಹೋಗು, ಅವರು ಶುರುಮಾಡಿದ್ದಾರೆ."

ಹೊರಗೆ ಲಾನ್ ತನ್ನ ಸರದಿಗಾಗಿ ಕೂತಿದ್ದಳು. ನನ್ನ ಮುಖ ನೋಡಿ ಎದ್ದು ನಿಂತು ಎರಡೂ ಕೈ ಹಿಡಿದುಕೊಂಡಳು. ಆವತ್ತು ಅವಳಿಗೆ ಆಗಲಿಲ್ಲ. ಇನ್ನೂ ಒಂದು ವಾರ ಕೆಳಗಿದ್ದು ಆಮೇಲೆ ಮೇಲೆ ಬಂದಳು. ಆ ವಾರ ದಿನಾಲೂ ನಾನು ಕಲಿತದ್ದನ್ನು ಸಂಜೆ ಅವಳಿಗೆ ಹೇಳುತ್ತಿದ್ದೆ. ಹೇಳುವಾಗ ನನಗೂ ಗಟ್ಟಿಯಾಗುತ್ತಿತ್ತು.

ಮಹಡಿಯ ಮೇಲೆ

ಪ್ರಯೋಗಶಾಲೆಯ ಪಾಠ ಕಠಿಣವೇ ಇತ್ತು. ಎರಡನೆಯ ವಾರದಲ್ಲಿ ಧೈರ್ಯ ಮಾಡಿ, ನಮ್ಮ ಊರಿನ ವರದಿಯ ನಕಲನ್ನು ಪಾಠ ಹೇಳುವ ಹುಡುಗಿಯ ಮುಂದೆ ಇಟ್ಟೆ. ಅವಳು ಓದಿ ಒಂದು ಸಾಲಿನ ಕೆಳಗೆ ಗೆರೆ ಎಳೆದಳು. ಈ ಬೀಜಗಳಲ್ಲಿ ಹೊರಗಿನ ಪರಾಗ ಬೆರೆತಿಲ್ಲ, ಹೆಣ್ಣು ಗಿಡದ ತನ್ನದೇ ಪರಾಗ ಕೂತಿದೆ, ಅಂದಳು. ಅಂದರೆ ಗಂಡು ಭಾಗ ಕೀಳುವ ಮೊದಲೇ ಮೊಗ್ಗು ಬಲಿತಿತ್ತು.

ನಾನು ಮೂರು ಸಲ ಕೇಳಿ ಖಾತ್ರಿ ಮಾಡಿಕೊಂಡೆ. ಆಮೇಲೆ ಹಿಂದಿನ ವರ್ಷ ನೆನಪಿಸಿಕೊಂಡೆ. ಆ ಹದಿನೈದು ದಿನ ಹೆಣ್ಣುಮಕ್ಕಳನ್ನು ಹೊಲಕ್ಕೆ ತರುವ ಟೆಂಪೊ ಕೆಟ್ಟು, ಅವರು ಹೊಲ ಮುಟ್ಟುವಾಗ ದಿನಾ ತಡವಾಗುತ್ತಿತ್ತು. ಬಿಸಿಲಿಗೆ ಮೊಗ್ಗು ಆಗಲೇ ಬಲಿತಿರುತ್ತಿತ್ತು. ಅವರ ಕೈಯಿಂದ ಯಾವ ತಪ್ಪೂ ಆಗಿರಲಿಲ್ಲ. ಅಲ್ಲಿಂದಲೇ ನೀಲವ್ವನ ಮಗನ ಫೋನಿಗೆ ಹಚ್ಚಿ ಅವಳಿಗೆ ಹೇಳಿದೆ.

"ಹಂಗಾರ ನಮ್ಮದೇನ ಇಲ್ಲನ್ರಿ?" ಅಂದಳು.

"ನಿಮ್ಮದೇನ ಇಲ್ಲ ನೀಲವ್ವ."

"ಮಂದಿಗೆಲ್ಲ ಹೇಳ್ಲೇನ್ರಿ?"

"ಎಲ್ಲಾರಿಗೂ ಹೇಳು."

ಅವಳು ಆಮೇಲೆ ಏನೋ ಅಂದಳು. ಫೋನು ಹಿಡಿದುಕೊಂಡೇ ಮಂದಿಯನ್ನು ಕೂಗಿ ಕರೆಯತೊಡಗಿದ್ದರಿಂದ ನನಗೆ ಸರಿಯಾಗಿ ಕೇಳಿಸಲಿಲ್ಲ. ಇನ್ನೊಮ್ಮೆ ಹೇಳು ಅನ್ನುವ ಮನಸ್ಸಾಗಲಿಲ್ಲ.

ಹಿರೇಕೆರೂರು

ಬೀಜ ನೋಡುವ ಕೋಣೆ ಈಗ ನಮ್ಮ ಗೋದಾಮಿನ ಹಿಂದೆ ಇದೆ. ಒಂದು ಮೇಜು, ಎರಡು ದೀಪ, ಮೊಳಕೆಯ ತಟ್ಟೆಗಳು. ಕೆಲಸ ಬಿಟ್ಟವರಲ್ಲಿ ಅರ್ಧ ಜನ ತಿರುಗಿ ಬಂದಿದ್ದಾರೆ. ಟೆಂಪೊ ತಡವಾದ ದಿನ ಕ್ರಾಸಿಂಗ್ ಇಲ್ಲ ಎಂದು ಗೊತ್ತುಮಾಡಿದ್ದೇವೆ.

ಈ ವರ್ಷ ಕಂಪನಿಯವರು ಇನ್ನಿಬ್ಬರನ್ನು ಕಳಿಸುತ್ತಾರೆ. ಒಬ್ಬಳು ಹಾನಗಲ್ಲಿನ ಸುಜಾತಾ, ಇನ್ನೊಬ್ಬಳು ಶಿಗ್ಗಾವಿಯ ಶಬಾನಾ. ಇಬ್ಬರೂ ಇಪ್ಪತ್ತೈದು ದಾಟದವರು. ಭಾನುವಾರ ನಮ್ಮ ಮನೆಗೆ ಬರುತ್ತಾರೆ. ಮೊದಲ ವಾರ ಚಹಾ ಕೊಟ್ಟು ಕೂಡಿಸಿಕೊಂಡು, ಅವರಿಗೆ ಹೇಳದೆ, ಕಾಲಿನ್‌ನ ಹಾಗೆ ತುಟಿ ಬಿಚ್ಚದೆ ಇಂಗ್ಲಿಷಿನಲ್ಲಿ ಗಡಗಡನೆ ಏನೇನೋ ಮಾತಾಡಿದೆ. ಇಬ್ಬರೂ ಕೈಕಟ್ಟಿ ಕೂತು ತಲೆಯಾಡಿಸಿದರು. ನಾನು ನಿಲ್ಲಿಸಲಿಲ್ಲ. ಸುಜಾತಾ "ಯೆಸ್, ಮೇಡಂ" ಅಂದಳು. ಮತ್ತೆ ಮಾತಾಡಿದೆ. ಒಳಗಿನಿಂದ ನಮ್ಮತ್ತೆ, ಇವಳಿಗೇನಾಯಿತು ಎಂಬಂತೆ ಬಾಗಿಲಿಗೆ ಬಂದು ನಿಂತರು.

ಕಡೆಗೆ ಶಬಾನಾ ಕಪ್ಪು ಕೆಳಗಿಟ್ಟಳು. ಸುಜಾತಾ ಅವಳ ಮೊಣಕೈ ತಿವಿದಳು, ಸುಮ್ಮನಿರು ಅಂತ. ಅವಳು ಸುಮ್ಮನಿರಲಿಲ್ಲ.

"ಅಕ್ಕಾರ, ಸಿಟ್ಟಾಗಬ್ಯಾಡ್ರಿ," ಅಂದಳು. "ನೀವು ಏನ ಅಂದ್ರಿ, ನನಗ ಒಂದೂ ತಿಳೀಲಿಲ್ರಿ. ಇನ್ನೊಮ್ಮೆ ಅನ್ರಿ."

"ಪರೀಕ್ಷಾದಾಗ ಅರ್ಧ ನೀ ಈಗ ಪಾಸಾದಿ," ಅಂದೆ. "ಇದನ್ನ ಇಂಗ್ಲಿಷಿನ್ಯಾಗ ಹೆಂಗ ಅನ್ನೂದು ಅಂತ ಹೇಳ್ತೇನಿ. ಸುಜಾತಾ, ನೀನೂ ಬರ್ಕೊ."